ಫೈನ್ ಕಟ್ಟಿಯಾಯ್ತಲ್ಲ, ಇನ್ನೇನು?

ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಐದು ವರ್ಷ ಮುಗಿಸಿ ಸಿಟಿಜನ್‌ಶಿಪ್ ಅರ್ಜಿ ತುಂಬಲು ಕೂತ ನಮ್ಮವರ ಶಿಸ್ತು ನೋಡಬೇಕೆಂದರೆ ಅವರ ಪ್ರಯಾಣದ ಪಟ್ಟಿಯನ್ನು ನೋಡಬೇಕು. ತಂಗಿಯ ಮದುವೆಗೆ ಹೋದ ಇಪ್ಪತ್ತೆರಡು ದಿನ, ಅಪ್ಪನ ಆಪರೇಷನ್ನಿಗೆ ಓಡಿದ ಒಂಬತ್ತು ದಿನ, ಕೆನಡಾ ಕಡೆಯ ನಯಾಗರ ನೋಡಲು ಸೇತುವೆ ದಾಟಿ ಸಂಜೆಗೆ ವಾಪಸಾದ ಒಂದು ದಿನ, ಎಲ್ಲವೂ ಎಕ್ಸೆಲ್ ಹಾಳೆಯಲ್ಲಿ ಪಾಸ್‌ಪೋರ್ಟಿನ ಮುದ್ರೆಗೆ ತಾಳೆಯಾಗಿ ಕೂತಿರುತ್ತವೆ. ಅದೇ ಜನ ಎನ್-400 ಎಂಬ ಆ ಅರ್ಜಿ ಫಾರಮ್ಮಿನ ಒಂಬತ್ತನೇ ಭಾಗಕ್ಕೆ ಬಂದಾಗ ಮಾತ್ರ ಕೈ ತಾನಾಗಿಯೇ ಓಡತೊಡಗುತ್ತದೆ. ಕಮ್ಯುನಿಸ್ಟ್ ಪಕ್ಷ ಸೇರಿದ್ದಿರಾ? ಇಲ್ಲ. ಚಿತ್ರಹಿಂಸೆ ಕೊಟ್ಟಿದ್ದಿರಾ? ಇಲ್ಲ. ಸೇನಾ ತರಬೇತಿ? ಇಲ್ಲ. ಪ್ರಶ್ನೆ 15.ಬಿ, ಪೊಲೀಸರ ಕೈಗೆ ಸಿಕ್ಕಿದ್ದಿರಾ? ಇಲ್ಲ. ಆ ಕೊನೆಯ ‘ಇಲ್ಲ’ದಲ್ಲಿ ಹತ್ತು ವರ್ಷದ ಹಿಂದೆ ಶಾಲೆಯ ಮುಂದೆ ನಲವತ್ತು ಮೈಲಿ ವೇಗದಲ್ಲಿ ಗಾಡಿ ಓಡಿಸಿ ಪೊಲೀಸರಿಂದ ತೆಗೆದುಕೊಂಡ ದಂಡದ ಟಿಕೆಟ್ಟೂ ಮುಚ್ಚಿಹೋಗುತ್ತದೆ.

ಇವರು ಸುಳ್ಳುಗಾರರಲ್ಲ. ಟಿಕೆಟ್ಟಿನ ವಿಷಯ ಕೇಳಿದರೆ ಊಟದ ಮೇಜಿನ ಮೇಲೆ ನಗುತ್ತಲೇ ಹೇಳುತ್ತಾರೆ. ಆದರೆ ‘ಅಪರಾಧ’ ಎಂಬ ತಲೆಬರಹದ ಕೆಳಗೆ ಅದನ್ನು ಹುಡುಕುವುದು ಅವರಿಗೆ ಹೊಳೆಯುವುದೇ ಇಲ್ಲ. ಫೈನ್ ಕಟ್ಟಿಯಾಯ್ತಲ್ಲ, ಇನ್ನೇನು? ಇನ್ನು ಕೆಲವರಿಗೆ ಹೊಳೆಯುತ್ತದೆ, ಎದೆ ಧಸಕ್ಕೆನ್ನುತ್ತದೆ. ಅಷ್ಟು ವರ್ಷ ಕಾದು ಈ ಪುಟಗೋಸಿ ಚೀಟಿಗೆ ಎಲ್ಲ ಹೋಗಿಬಿಟ್ಟರೆ ಎಂದು ಬಚ್ಚಿಡುತ್ತಾರೆ. ತಪ್ಪು ದಾರಿ ಎರಡಾದರೂ ಎರಡಕ್ಕೂ ಮೂಲ ಒಂದೇ. ಪ್ರಶ್ನೆ ಟಿಕೆಟ್ಟಿನ ಬಗ್ಗೆ ಎಂದುಕೊಳ್ಳುತ್ತಾರೆ. ಅದು ಉತ್ತರದ ಬಗ್ಗೆ.

ಸೈಟೆಡ್ ಎಂಬ ಪದ

15.ಬಿ ಪ್ರಶ್ನೆಯ ಮಾತುಗಳನ್ನು ನಿಧಾನವಾಗಿ ಓದಿ. ನೀವು ಯಾವತ್ತಾದರೂ, ಯಾವುದೇ ಕಾರಣಕ್ಕೆ, ಯಾವುದೇ ಕಾನೂನು ಪಾಲನಾ ಅಧಿಕಾರಿಯಿಂದ ‘ಅರೆಸ್ಟೆಡ್, ಸೈಟೆಡ್, ಡಿಟೇನ್ಡ್ ಆರ್ ಕನ್‌ಫೈನ್ಡ್’ ಆಗಿದ್ದಿರಾ? ಮೊದಲ ಪದ ಕಣ್ಣಿಗೆ ಬಿದ್ದ ಕೂಡಲೇ ಮನಸ್ಸಿಗೆ ಕೈಕೋಳ ಕಾಣುತ್ತದೆ, ಉಳಿದ ಮೂರನ್ನು ಯಾರೂ ಓದುವುದಿಲ್ಲ. ಆದರೆ ರಸ್ತೆ ಬದಿಯಲ್ಲಿ ಪೊಲೀಸ್ ಬರೆದುಕೊಡುವ ಚೀಟಿಗೆ ಇಲ್ಲಿ ಇರುವ ಅಧಿಕೃತ ಹೆಸರೇ ಸೈಟೇಶನ್. ಅದನ್ನು ಪಡೆದವರು ಸೈಟೆಡ್. ಕೋರ್ಟಿಗೆ ಹೋಗಿ ವಾದ ಮಾಡಿ ಅದನ್ನು ಡಿಸ್‌ಮಿಸ್ ಮಾಡಿಸಿಕೊಂಡವರೂ ಸೈಟೆಡ್ಡೇ. ಪ್ರಶ್ನೆ ಇರುವುದು ಚೀಟಿ ಕೊಟ್ಟರೇ ಎಂದು. ಆಮೇಲೆ ಏನಾಯಿತು ಎಂಬುದನ್ನು ಪಕ್ಕದ ಕಾಲಂ ಕೇಳುತ್ತದೆ.

ಕ್ಯಾಲಿಫೋರ್ನಿಯಾದ ಚೀಟಿಯನ್ನೇ ತೆಗೆದುಕೊಳ್ಳಿ. ತಲೆಯಲ್ಲಿ ‘ನೋಟಿಸ್ ಟು ಅಪಿಯರ್’ ಎಂದಿರುತ್ತದೆ, ಅಂದರೆ ಹಾಜರಾಗುವ ನೋಟಿಸು. ಪ್ರತಿ ಸೆಕ್ಷನ್ನಿನ ಮುಂದೆ ಎಂ ಮತ್ತು ಐ ಎಂಬ ಎರಡು ಅಕ್ಷರ. ಮಿಸ್‌ಡಿಮೀನರ್ (ಸಣ್ಣ ಕ್ರಿಮಿನಲ್ ಅಪರಾಧ) ಆದರೆ ಎಂ, ಬರೀ ಇನ್‌ಫ್ರ್ಯಾಕ್ಷನ್ (ದಂಡದಲ್ಲೇ ಮುಗಿಯುವ ನಿಯಮಭಂಗ) ಆದರೆ ಐ, ಅಧಿಕಾರಿ ಒಂದಕ್ಕೆ ಸುತ್ತು ಹಾಕಿರುತ್ತಾನೆ. ಕೆಳಗೆ ನಿಮ್ಮ ಸಹಿ. ತಪ್ಪು ಒಪ್ಪಿಕೊಳ್ಳದೆ, ಹಾಜರಾಗುತ್ತೇನೆಂದು ಮಾತು ಕೊಡುತ್ತಿದ್ದೇನೆ ಎಂಬ ಸಾಲಿನ ಕೆಳಗೆ. ಆ ಸಹಿಗೆ ಪ್ರತಿಯಾಗಿಯೇ ನಿಮ್ಮನ್ನು ಅಲ್ಲಿಂದ ಬಿಡುವುದು. ಆಮೇಲೆ ಮನೆಗೆ ಬರುವ ಕಾಗದದಲ್ಲಿ ಕಟ್ಟಬೇಕಾದ ಹಣಕ್ಕೆ ‘ಬೇಲ್’ ಎಂದೇ ಬರೆದಿರುತ್ತದೆ. ಜಾಮೀನು ಎಂಬ ಪದ ನೋಡಿ ರಾತ್ರಿಯೆಲ್ಲ ನಿದ್ದೆಗೆಟ್ಟವರುಂಟು. ಅದು ಫೈನಿನ ಮೊತ್ತ, ಅಷ್ಟೇ.

ಗೊಂದಲಕ್ಕೆ ಇನ್ನೊಂದು ಹಳೆಯ ಕಾರಣವಿದೆ. ಗ್ರೀನ್ ಕಾರ್ಡಿಗೆ ತುಂಬುವ ಐ-485 ಫಾರಮ್ಮಿನ ಹಿಂದಿನ ಆವೃತ್ತಿಗಳಲ್ಲಿ ಇದೇ ಬಗೆಯ ಪ್ರಶ್ನೆಯ ಕೊನೆಗೆ ‘ಟ್ರಾಫಿಕ್ ಉಲ್ಲಂಘನೆಗಳನ್ನು ಬಿಟ್ಟು’ ಎಂಬ ವಿನಾಯಿತಿ ಇತ್ತು. ಆಗ ನಿರುಮ್ಮಳವಾಗಿ ‘ಇಲ್ಲ’ ಎಂದವರು ಅದೇ ಅಭ್ಯಾಸದಲ್ಲಿ ಎನ್-400ಕ್ಕೂ ‘ಇಲ್ಲ’ ಎನ್ನುತ್ತಾರೆ. ಇಲ್ಲಿ ಆ ವಿನಾಯಿತಿ ಇಲ್ಲ.

‘ಯಾವತ್ತಾದರೂ’ ಎಂಬ ಪದವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಪೌರತ್ವಕ್ಕೆ ಬೇಕಾದ ಒಳ್ಳೆಯ ನಡತೆಯನ್ನು ಅಳೆಯುವ ಅವಧಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಐದು ವರ್ಷ, ಅಮೆರಿಕನ್ ಪ್ರಜೆಯ ಗಂಡ ಅಥವಾ ಹೆಂಡತಿಯಾಗಿ ಹಾಕಿದರೆ ಮೂರು. ಆದರೆ ಪ್ರಶ್ನೆಗೆ ಅವಧಿಯಿಲ್ಲ, ದೇಶದ ಗಡಿಯೂ ಇಲ್ಲ. ಹಾಗಿದ್ದರೆ ಕಾಲೇಜಿನ ದಿನಗಳಲ್ಲಿ ಜಯನಗರದ ಸಿಗ್ನಲ್ಲಿನಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ರಸೀದಿ ಹರಿಸಿಕೊಂಡದ್ದು? ಅಕ್ಷರಶಃ ಓದಿದರೆ ಅದೂ ಬರುತ್ತದೆ. ನಮ್ಮಲ್ಲಿ ಟ್ರಾಫಿಕ್ ದಂಡವನ್ನು ಕಾನೂನಿನ ವ್ಯವಹಾರವೆಂದು ನೋಡುವ ರೂಢಿಯೇ ಇಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಎಂದಾಗ ಹಬ್ಬದ ಸೇಲಿಗೆ ನಿಂತಂತೆ ಸಾಲು ನಿಂತಿತು ಬೆಂಗಳೂರು. ನೆನಪಿದ್ದರೆ ಒಂದು ಸಾಲು ಬರೆಯಿರಿ: ಬೆಂಗಳೂರು, ಸುಮಾರು ಇಂಥ ವರ್ಷ, ಹೆಲ್ಮೆಟ್ ಇಲ್ಲದ ಸವಾರಿ, ಸ್ಥಳದಲ್ಲೇ ದಂಡ. ನಿಮ್ಮ ಹೆಸರಿನಲ್ಲಿರುವ ಸ್ಕೂಟರನ್ನು ತಮ್ಮ ಓಡಿಸಿ ಕ್ಯಾಮೆರಾಗೆ ಸಿಕ್ಕ ನೋಟಿಸುಗಳ ಕಥೆ ಬೇರೆ. ಅವು ಗಾಡಿಯ ಮಾಲೀಕನಿಗೆ ಬಂದವು, ಅಧಿಕಾರಿ ನಿಮ್ಮನ್ನು ನಿಲ್ಲಿಸಿದ್ದಲ್ಲ. ನ್ಯೂಯಾರ್ಕ್ ನಗರದ ಸ್ಪೀಡ್ ಕ್ಯಾಮೆರಾದ 50 ಡಾಲರ್ ನೋಟಿಸು, ಪಾರ್ಕಿಂಗ್ ಟಿಕೆಟ್ಟು ಇವೂ ಅದೇ ಜಾತಿ. ಇವನ್ನು ಬರೆಯದವರೇ ಹೆಚ್ಚು. ಬರೆದರೆ ನಷ್ಟವೂ ಇಲ್ಲ. ಆದರೆ ಕ್ಯಾಲಿಫೋರ್ನಿಯಾದ ರೆಡ್ ಲೈಟ್ ಕ್ಯಾಮೆರಾ ಚೀಟಿ ಸಾಮಾನ್ಯವಾಗಿ ಮಾಲೀಕನಿಗಲ್ಲ, ಓಡಿಸಿದವರ ಮುಖ ಗುರುತಿಸಿ ಓಡಿಸಿದವರಿಗೇ ಬರುವಂಥದ್ದು. ಅದನ್ನು ಬರೆಯಲೇಬೇಕು.

500 ಡಾಲರಿನ ಗೆರೆ

ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತು ಇದು: ‘ಫೈನ್ 500 ಡಾಲರಿಗಿಂತ ಕಡಿಮೆ ಇದ್ದರೆ ಹೇಳೋದು ಬೇಡ.’ ಅರ್ಧ ಸತ್ಯ. ಎನ್-400ರ ಸೂಚನೆಗಳಲ್ಲಿ ಇರುವುದು ಹೀಗೆ: ಘಟನೆಗೆ ಮದ್ಯ ಅಥವಾ ಮಾದಕವಸ್ತುವಿನ ನಂಟಿಲ್ಲದಿದ್ದರೆ, ಬಂಧನ ಆಗಿಲ್ಲದಿದ್ದರೆ, ಶಿಕ್ಷೆ ಎಂದರೆ 500 ಡಾಲರಿಗಿಂತ ಕಡಿಮೆ ದಂಡ ಅಥವಾ ಲೈಸೆನ್ಸಿನ ಮೇಲೆ ಪಾಯಿಂಟ್ (ತಪ್ಪಿನ ಅಂಕ) ಮಾತ್ರವಾಗಿದ್ದರೆ ದಾಖಲೆ ಲಗತ್ತಿಸಬೇಕಾಗಿಲ್ಲ. ದಾಖಲೆ ಬೇಡ ಎಂದಿದೆ, ಉತ್ತರ ಬೇಡ ಎಂದಿಲ್ಲ. ‘ಯೆಸ್’ ಎಂದು ಒತ್ತಬೇಕು, ಕೋಷ್ಟಕ ತುಂಬಬೇಕು, ಕೋರ್ಟಿನ ಕಾಗದ ಮಾತ್ರ ಬಿಡಬಹುದು.

ಆ 500 ಎಂಬುದು ಯಾವ 500 ಎಂಬುದರಲ್ಲೂ ಎಡವುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೆಂಪು ದೀಪ ದಾಟಿದರೆ ಮೂಲ ದಂಡ 100 ಡಾಲರ್. ಅದರ ಮೇಲೆ ರಾಜ್ಯದ್ದು, ಜಿಲ್ಲೆಯದ್ದು, ಕೋರ್ಟು ಕಟ್ಟಡದ್ದು ಎಂದು ಹೇರುತ್ತಾ ಹೋಗಿ ಕೈಬಿಡುವಾಗ 490ರ ಆಸುಪಾಸು ಆಗಿರುತ್ತದೆ. ಪಾಯಿಂಟ್ ಮುಚ್ಚಿಸಲು ಟ್ರಾಫಿಕ್ ಸ್ಕೂಲ್ ಆರಿಸಿಕೊಂಡರೆ ಕೋರ್ಟಿನ ಶುಲ್ಕ ಸೇರಿ ಗೆರೆ ದಾಟುತ್ತದೆ. ಮೂಲ ದಂಡ ನೂರೇ ಅಲ್ಲವೇ ಎಂದು ಅಧಿಕಾರಿಯ ಮುಂದೆ ವಾದಿಸುವ ಬದಲು, ನಿಮ್ಮ ಬ್ಯಾಂಕಿನಿಂದ ಹೋದ ಒಟ್ಟು ಮೊತ್ತ 500ರ ಹತ್ತಿರವಿದ್ದರೆ ಕೋರ್ಟಿನ ಕಾಗದ ತರಿಸಿಟ್ಟುಕೊಳ್ಳುವುದು ಜಾಣತನ.

ನ್ಯೂಜೆರ್ಸಿಯವರಿಗೆ ಬೇರೆಯದೇ ಬಲೆ. ಎಡಿಸನ್, ಪಾರ್ಸಿಪನಿ ಕಡೆ ವೇಗದ ಟಿಕೆಟ್ ಸಿಕ್ಕರೆ ಮುನಿಸಿಪಲ್ ಕೋರ್ಟಿನಲ್ಲಿ ಪ್ರಾಸಿಕ್ಯೂಟರ್ ಜೊತೆ ಮಾತಾಡಿ ಅದನ್ನು ‘ಅನ್‌ಸೇಫ್ ಡ್ರೈವಿಂಗ್’ ಎಂದು ಇಳಿಸಿಕೊಳ್ಳುವುದು ರೂಢಿ. ಮೊದಲ ಎರಡು ಸಲ ಪಾಯಿಂಟ್ ಇಲ್ಲ, ಅದರ ಬದಲಿಗೆ ದಂಡದ ಮೇಲೆ 250 ಡಾಲರ್ ಸರ್‌ಚಾರ್ಜ್. ವರ್ಷಗಳ ಮೇಲೆ ಅರ್ಜಿ ತುಂಬುವಾಗ ಇವರಿಗೆ ನೆನಪಿರುವುದು ವೇಗ, ಕೋರ್ಟಿನ ದಾಖಲೆಯಲ್ಲಿರುವುದು ಅನ್‌ಸೇಫ್ ಡ್ರೈವಿಂಗ್. ಎರಡನ್ನೂ ಬರೆಯಿರಿ: ಚೀಟಿ ಕೊಟ್ಟಿದ್ದು ಇದಕ್ಕೆ, ಮುಗಿದದ್ದು ಹೀಗೆ.

ರಾಜ್ಯ ಬದಲಾದರೆ ಹೆಸರು ಬದಲು

‘ಮೈನರ್’ ಎಂಬುದನ್ನು ನಿರ್ಧರಿಸುವುದು ನಿಮ್ಮ ಮನಸ್ಸಲ್ಲ, ಆಯಾ ರಾಜ್ಯದ ಕಾನೂನು. ಇದಕ್ಕೆ ವರ್ಜೀನಿಯಾಗಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿ ಮಿತಿಗಿಂತ 20 ಮೈಲಿ ಹೆಚ್ಚು ಓಡಿಸಿದರೆ, ಅಥವಾ ಮಿತಿ ಎಷ್ಟೇ ಇರಲಿ 85 ದಾಟಿದರೆ ಅದು ರೆಕ್‌ಲೆಸ್ ಡ್ರೈವಿಂಗ್, ಅಂದರೆ ಅಜಾಗರೂಕ ಚಾಲನೆ. 2020ರ ಜುಲೈಗೆ ಮುಂಚೆ ಈ ಗೆರೆ 80ರಲ್ಲೇ ಇತ್ತು. 70ರ ಹೆದ್ದಾರಿಯಲ್ಲಿ 86ಕ್ಕೆ ಹೋದರೆ ಪಕ್ಕದ ರಾಜ್ಯದಲ್ಲಿ ಮಾಮೂಲಿ ಟಿಕೆಟ್, ಇಲ್ಲಿ ಒಂದನೇ ದರ್ಜೆಯ ಮಿಸ್‌ಡಿಮೀನರ್. ಹನ್ನೆರಡು ತಿಂಗಳ ತನಕ ಜೈಲು, 2,500 ಡಾಲರ್ ತನಕ ದಂಡ ವಿಧಿಸಬಹುದಾದ ಕ್ರಿಮಿನಲ್ ಪ್ರಕರಣ. ಕೈಗೆ ಸಿಗುವ ಕಾಗದ ಮಾತ್ರ ನೋಡಲು ಬೇರೆ ಟಿಕೆಟ್ಟಿನ ಹಾಗೇ ಇರುತ್ತದೆ. ‘ಫೈನ್ ಕಟ್ಟಿ ಬಂದೆ’ ಎಂದುಕೊಂಡವರು ಕ್ರಿಮಿನಲ್ ಶಿಕ್ಷೆ ಒಪ್ಪಿಕೊಂಡು ಬಂದಿರುತ್ತಾರೆ. ಆಶ್‌ಬರ್ನ್, ಹರ್ನ್‌ಡನ್ ಕಡೆಯ ನಮ್ಮವರು ಹಳೆಯ ಚೀಟಿಯನ್ನು ಇನ್ನೊಮ್ಮೆ ತೆಗೆದು ಸೆಕ್ಷನ್ ನೋಡಿಕೊಳ್ಳಬೇಕು. ಇಂಥದ್ದಿದ್ದರೆ ಕೋರ್ಟಿನ ದೃಢೀಕೃತ ಪ್ರತಿಯಿಲ್ಲದೆ ಅರ್ಜಿ ಹಾಕಬಾರದು. ಇಮಿಗ್ರೇಷನ್ ಲಾಯರಿಗೆ ಕೊಡುವ ಹಣ ದಂಡವಲ್ಲ.

ಟೆಕ್ಸಾಸಿನಲ್ಲಿ ಇದಕ್ಕೆ ತದ್ವಿರುದ್ಧ. ಮಾಮೂಲಿ ಸ್ಪೀಡಿಂಗ್ ಕೂಡ ‘ಕ್ಲಾಸ್ ಸಿ ಮಿಸ್‌ಡಿಮೀನರ್’. ಕೇಳಲು ಭಯಂಕರ, ಆದರೆ ಶಿಕ್ಷೆ ದಂಡ ಮಾತ್ರ. ಜಾರ್ಜಿಯಾದಲ್ಲೂ ರಸ್ತೆ ನಿಯಮದ ಉಲ್ಲಂಘನೆಗಳು ಸಾಮಾನ್ಯವಾಗಿ ಮಿಸ್‌ಡಿಮೀನರ್ ಲೆಕ್ಕಕ್ಕೇ ಬರುತ್ತವೆ. ಹೆಸರು ನೋಡಿ ಹೌಹಾರುವುದೂ ಬೇಡ, ಹೆಸರು ಮುಚ್ಚಿ ‘ಸಣ್ಣದು’ ಎಂದು ಬರೆಯುವುದೂ ಬೇಡ. ಕಾಗದದಲ್ಲಿ ಏನಿದೆಯೋ ಅದನ್ನೇ ಇಳಿಸಿ.

ಎಲ್ಲರೂ ಮರೆಯುವುದು ನ್ಯಾಷನಲ್ ಪಾರ್ಕಿನ ಟಿಕೆಟ್ಟನ್ನು. ಬೇಸಗೆಗೆ ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಯೆಲ್ಲೋಸ್ಟೋನಿಗೋ ಯೊಸೆಮಿಟಿಗೋ ಹೋದಾಗ ರೇಂಜರ್ ನಿಲ್ಲಿಸಿ ಕೊಡುವ ಚೀಟಿ ರಾಜ್ಯದ್ದಲ್ಲ, ಕೇಂದ್ರದ್ದು. ಹಣ ಹೋಗುವುದು ಸೆಂಟ್ರಲ್ ವಯೊಲೇಷನ್ಸ್ ಬ್ಯೂರೋ ಎಂಬಲ್ಲಿಗೆ, ಜೊತೆಗೆ 30 ಡಾಲರ್ ಸಂಸ್ಕರಣಾ ಶುಲ್ಕ. ಇದು ನಿಮ್ಮ ರಾಜ್ಯದ ಡಿಎಂವಿ (ಲೈಸೆನ್ಸ್ ಕೊಡುವ ಸಾರಿಗೆ ಇಲಾಖೆ) ದಾಖಲೆಯಲ್ಲಿ ಕಾಣದೇ ಇರಬಹುದು. ಹಾಗಾಗಿ ಡಿಎಂವಿ ಪ್ರತಿಯೊಂದನ್ನೇ ನಂಬಿ ಪಟ್ಟಿ ಮಾಡಿದವರ ಕೈಯಿಂದ ಇದು ಜಾರುತ್ತದೆ. ಪ್ರವಾಸದ ಫೋಟೋ ಆಲ್ಬಮ್ಮೇ ಇಲ್ಲಿ ನಿಮ್ಮ ದಫ್ತರ.

ಕಾಗದ ಹುಡುಕುವ ಕೆಲಸ

ಮೊದಲು ಡಿಎಂವಿ ದಾಖಲೆ. ಕ್ಯಾಲಿಫೋರ್ನಿಯಾದಲ್ಲಿ ಆನ್‌ಲೈನ್ 2 ಡಾಲರ್, ನ್ಯೂಜೆರ್ಸಿಯ ಡ್ರೈವರ್ ಆಬ್‌ಸ್ಟ್ರಾಕ್ಟಿಗೆ 15. ವಾಸವಿದ್ದ ಪ್ರತಿ ರಾಜ್ಯದ್ದೂ ಬೇಕು. ಇದು ಪೂರ್ತಿ ಪಟ್ಟಿ ಎಂದು ತಿಳಿಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ಪಾಯಿಂಟಿನ ಉಲ್ಲಂಘನೆ ಮೂರು ವರ್ಷದ ಮೇಲೆ ಮಾಯವಾಗುತ್ತದೆ. ಆಮೇಲೆ ಹಳೆಯ ಇಮೇಲ್, ಬ್ಯಾಂಕ್ ಸ್ಟೇಟ್‌ಮೆಂಟು, ಇನ್ಶೂರೆನ್ಸ್ ಏಕಾಏಕಿ ಏರಿದ ವರ್ಷ. ಈ ಕೊನೆಯದು ನೆನಪನ್ನು ಚುಚ್ಚಿ ಎಬ್ಬಿಸುವಷ್ಟು ಬೇರೆ ಯಾವುದೂ ಎಬ್ಬಿಸದು.

ಕೋರ್ಟಿನಿಂದ ಬೇಕಾದದ್ದು ‘ಸರ್ಟಿಫೈಡ್ ಡಿಸ್ಪೊಸಿಷನ್’, ಅಂದರೆ ಪ್ರಕರಣ ಹೇಗೆ ಮುಗಿಯಿತೆಂಬ ದೃಢೀಕೃತ ಪ್ರತಿ. ಕ್ಲರ್ಕ್ ಕಚೇರಿಗೆ ಫೋನ್ ಮಾಡಿ ಇದೇ ಪದ ಹೇಳಿ. ಬರೀ ರಸೀದಿ ಕೇಳಿದರೆ ಬರೀ ರಸೀದಿ ಕೊಡುತ್ತಾರೆ, ಅದರಲ್ಲಿ ಪ್ರಕರಣ ಮುಗಿಯಿತೇ ಎಂಬುದಿರುವುದಿಲ್ಲ. ಹಳೆಯ ಟ್ರಾಫಿಕ್ ಕಡತಗಳನ್ನು ಕೋರ್ಟುಗಳು ಕೆಲವು ವರ್ಷಕ್ಕೆ ನಾಶ ಮಾಡುತ್ತವೆ. ಆಗ ‘ನಮ್ಮಲ್ಲಿ ದಾಖಲೆ ಇಲ್ಲ’ ಎಂದು ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಇಲ್ಲ ಎಂಬ ಕಾಗದವೂ ಕಾಗದವೇ.

ಕೋಷ್ಟಕದ ಸಾಲು ಹೇಗಿರಬೇಕು? ಉದ್ದ ಬೇಡ. ‘ವೇಗ ಮಿತಿ ಮೀರಿದ್ದು, 65ರಲ್ಲಿ 79. ಸುಮಾರು ಮಾರ್ಚ್ 2016. ಫ್ರೀಮಾಂಟ್, ಕ್ಯಾಲಿಫೋರ್ನಿಯಾ. ಬಂಧನ ಇಲ್ಲ. ದಂಡ ಪೂರ್ತಿ ಕಟ್ಟಿದೆ, ಟ್ರಾಫಿಕ್ ಸ್ಕೂಲ್ ಮುಗಿಸಿದೆ, ಪ್ರಕರಣ ಮುಕ್ತಾಯ.’ ಇದನ್ನೇ ಇಂಗ್ಲಿಷಿನಲ್ಲಿ ಬರೆದರೆ ಆಯಿತು. ದಿನಾಂಕ ನೆನಪಿಲ್ಲದಿದ್ದರೆ ‘ಸುಮಾರು’ ಎನ್ನಿ, ಊಹಿಸಿ ಖಚಿತ ತಾರೀಕು ಹಾಕಬೇಡಿ. ರಾಡಾರ್ ಗನ್ ಸರಿಯಿರಲಿಲ್ಲ, ಮುಂದಿನ ಗಾಡಿಯವನೂ ಅಷ್ಟೇ ವೇಗದಲ್ಲಿದ್ದ ಎಂಬ ಪುರಾಣ ಬೇಡವೇ ಬೇಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ.

ನಿಜಕ್ಕೂ ಹೆದರಬೇಕಾದ ಟಿಕೆಟ್ ಎಂದರೆ ಕಟ್ಟದೆ ಬಿಟ್ಟದ್ದು. ಮನೆ ಬದಲಾಯಿಸಿದಾಗ ನೋಟಿಸು ಹಳೆಯ ವಿಳಾಸಕ್ಕೆ ಹೋಯಿತು, ಹಾಜರಾಗಲಿಲ್ಲ ಎಂದು ಕೋರ್ಟು ಬರೆದುಕೊಂಡಿತು, ಲೈಸೆನ್ಸ್ ಅಮಾನತಾಯಿತು, ಗೊತ್ತಿಲ್ಲದೆ ಓಡಿಸುತ್ತಿದ್ದವರು ಇನ್ನೊಮ್ಮೆ ಸಿಕ್ಕಿಬಿದ್ದರು. ಅಮಾನತಾದ ಲೈಸೆನ್ಸಿನಲ್ಲಿ ಓಡಿಸುವುದು ಹಲವು ರಾಜ್ಯಗಳಲ್ಲಿ ಕ್ರಿಮಿನಲ್ ಅಪರಾಧ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬಂದದ್ದು ಹೀಗೆ. ಬಾಕಿ ಯಾವುದಾದರೂ ಇದ್ದರೆ ಅರ್ಜಿಗೆ ಮುಂಚೆ ತೀರಿಸಿ.

ಅವರಿಗೆ ಹೇಗೆ ಗೊತ್ತಾಗುತ್ತೆ?

ಕೊನೆಗೆ ಎಲ್ಲರೂ ಬರುವುದು ಇಲ್ಲಿಗೇ. ಮಾಮೂಲಿ ಟಿಕೆಟ್ಟಿಗೆ ಬೆರಳಚ್ಚು ತೆಗೆಯುವುದಿಲ್ಲ, ಎಫ್‌ಬಿಐ ಬೆರಳಚ್ಚು ತಪಾಸಣೆಯಲ್ಲಿ ಅದು ಸಾಮಾನ್ಯವಾಗಿ ಸಿಗುವುದೂ ಇಲ್ಲ. ಮಾತು ನಿಜ. ಆದರೆ ಲೆಕ್ಕ ತಪ್ಪು. ಹೇಳಿದರೆ ಆಗುವ ನಷ್ಟ ಹೆಚ್ಚುಕಡಿಮೆ ಸೊನ್ನೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಪ್ರಶ್ನೆ ಟಿಕೆಟ್ಟಿನದಲ್ಲ, ಪ್ರಮಾಣ ಮಾಡಿ ಸುಳ್ಳು ಹೇಳಿದ್ದರದ್ದು. ಪೌರತ್ವದ ಸಲುವಾಗಿ ಪ್ರಮಾಣದ ಮೇಲೆ ಸುಳ್ಳು ನುಡಿದವರಿಗೆ ಒಳ್ಳೆಯ ನಡತೆ ಇಲ್ಲ ಎಂದು ಕಾನೂನೇ ಹೇಳುತ್ತದೆ. 1988ರ ಕುಂಗಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಲಮಿಗೆ ಸುಳ್ಳು ಮಹತ್ವದ್ದೇ ಆಗಿರಬೇಕೆಂದಿಲ್ಲ ಎಂದಿತು. ಅದೇ ತೀರ್ಪು ಇದನ್ನು ಬಾಯಿಮಾತಿಗೆ, ಪ್ರಮಾಣದ ಮೇಲೆ, ಲಾಭದ ಉದ್ದೇಶದಿಂದ ಹೇಳಿದ ಸುಳ್ಳಿಗೆ ಸೀಮಿತಗೊಳಿಸಿತು. ಮರೆವಿಗೂ ಸುಳ್ಳಿಗೂ ಇರುವ ವ್ಯತ್ಯಾಸ ಇಲ್ಲಿ ಉಳಿದುಕೊಂಡಿದೆ.

ಎಷ್ಟು ಸಣ್ಣದನ್ನು ಹೇಳಬೇಕು ಎಂಬ ಪ್ರಶ್ನೆ ಅದೇ ಕೋರ್ಟಿನಲ್ಲಿ ಒಮ್ಮೆ ನಗೆ ಎಬ್ಬಿಸಿತ್ತು. 2017ರ ಏಪ್ರಿಲ್ 26, ಮಸ್ಲೆನ್ಯಾಕ್ ಪ್ರಕರಣದ ವಿಚಾರಣೆ. ಬೋಸ್ನಿಯಾದಿಂದ ನಿರಾಶ್ರಿತೆಯಾಗಿ ಬಂದು 2007ರಲ್ಲಿ ಪ್ರಜೆಯಾದ ಮಹಿಳೆ ಗಂಡನ ಸೈನ್ಯದ ಕೆಲಸದ ಬಗ್ಗೆ ಸುಳ್ಳು ಹೇಳಿದ್ದಳು. ಸಣ್ಣ ಸುಳ್ಳಿಗೂ ಪೌರತ್ವ ಕಿತ್ತುಕೊಳ್ಳಬಹುದೇ ಎಂಬುದು ಚರ್ಚೆ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತಮ್ಮದೇ ಉದಾಹರಣೆ ಕೊಟ್ಟರು: ಹಿಂದೊಮ್ಮೆ 55ರ ರಸ್ತೆಯಲ್ಲಿ 60ಕ್ಕೆ ಓಡಿಸಿದ್ದೆ, ಯಾರೂ ಹಿಡಿಯಲಿಲ್ಲ, ಕೇಸು ಹಾಕುವ ಕಾಲಮಿತಿಯೂ ಮುಗಿದಿದೆ, ಬಂಧನವಾಗದ ಯಾವುದಾದರೂ ಅಪರಾಧ ಮಾಡಿದ್ದಿರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂದಿದ್ದರೆ ಇಪ್ಪತ್ತು ವರ್ಷದ ಮೇಲೆ ಬಾಗಿಲು ತಟ್ಟುತ್ತೀರಾ? ಅದನ್ನೂ ತಿಳಿಸಬೇಕು ಎಂಬುದೇ ಸರ್ಕಾರದ ಅರ್ಥ ಎಂದರು ಸರ್ಕಾರಿ ವಕೀಲರು. ಅಯ್ಯೋ ಬಿಡ್ರಿ ಎಂಬ ಧಾಟಿಯಲ್ಲಿ ರಾಬರ್ಟ್ಸ್ ಉದ್ಗರಿಸಿದರು. ಜೂನ್ 22ರ ತೀರ್ಪಿನಲ್ಲಿ ಕೋರ್ಟು ಮಹಿಳೆಯ ಪರ ನಿಂತಿತು: ಕ್ರಿಮಿನಲ್ ಕೇಸಿನ ಮೂಲಕ ಪೌರತ್ವ ಕಸಿಯಬೇಕಾದರೆ ಆ ಸುಳ್ಳು ಪೌರತ್ವ ಸಿಗುವುದರಲ್ಲಿ ಪಾತ್ರ ವಹಿಸಿರಬೇಕು. ಪ್ರಜೆಯಾದವರಿಗೆ ಇದು ದೊಡ್ಡ ರಕ್ಷಣೆ. ಅರ್ಜಿ ಕೈಯಲ್ಲಿ ಹಿಡಿದವರಿಗೆ ಕುಂಗಿಸ್ ಹಾಗೇ ಇದೆ. ಮತ್ತು ರಾಬರ್ಟ್ಸ್ ಹೇಳಿದ್ದು ಹಿಡಿಯದೇ ಹೋದ ವೇಗದ ಬಗ್ಗೆ. ಚೀಟಿ ಕೈಗೆ ಬಂದ ಮೇಲೆ ಯಾವ ನಗೆಯೂ ಇಲ್ಲ.

ಈಚಿನ ಗಾಳಿಯೂ ಬದಲಾಗಿದೆ. 2025ರ ಆಗಸ್ಟ್ 15ರ ವಲಸೆ ಇಲಾಖೆಯ ಸುತ್ತೋಲೆ, ನಡತೆ ಎಂದರೆ ಅಪರಾಧ ಇಲ್ಲದಿರುವುದಷ್ಟೇ ಅಲ್ಲ, ಒಟ್ಟಾರೆ ಬದುಕನ್ನು ನೋಡಿ ಎಂದು ಅಧಿಕಾರಿಗಳಿಗೆ ಹೇಳುತ್ತದೆ. ನಾಗರಿಕ ಜವಾಬ್ದಾರಿಗೆ ಹೊಂದದ ನಡವಳಿಕೆಗೆ ಅದು ಕೊಡುವ ಉದಾಹರಣೆಗಳಲ್ಲಿ ಒಂದು ಅಜಾಗರೂಕ ಅಥವಾ ಪದೇ ಪದೇ ಆಗುವ ಟ್ರಾಫಿಕ್ ಉಲ್ಲಂಘನೆ. ತೆರಿಗೆ, ಕೆಲಸ, ಮನೆಯವರ ಆರೈಕೆ, ಸಮುದಾಯದ ಸೇವೆಯನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿ ಎಂದೂ ಇದೆ. ಹತ್ತು ವರ್ಷಕ್ಕೆ ಒಂದೆರಡು ಟಿಕೆಟ್ ಇರುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಐದು ವರ್ಷದಲ್ಲಿ ಆರೇಳು ಇದ್ದವರು ಎಲ್ಲವನ್ನೂ ಬರೆದು, ಡಿಎಂವಿ ಪ್ರತಿ, ಡಿಫೆನ್ಸಿವ್ ಡ್ರೈವಿಂಗ್ ಪ್ರಮಾಣಪತ್ರ ಜೋಡಿಸಿ, ಈಚಿನ ಒಂದೆರಡು ವರ್ಷ ಸ್ವಚ್ಛವಾಗಿಟ್ಟುಕೊಂಡು ಹೋಗುವುದು ಲೇಸು. ಕುಡಿದು ಓಡಿಸಿದ ಪ್ರಕರಣ ಈ ಬರಹದ ವ್ಯಾಪ್ತಿಯದೇ ಅಲ್ಲ. 2019ರಿಂದ ನಡತೆಯ ಅವಧಿಯಲ್ಲಿ ಅಂಥ ಎರಡು ಶಿಕ್ಷೆಗಳಿದ್ದರೆ ನಡತೆ ಇಲ್ಲವೆಂದೇ ಮೊದಲು ಭಾವಿಸುತ್ತಾರೆ.

ಬಲಗೈ ಎತ್ತಿದ ಮೇಲೆ

ಇಂಟರ್‌ವ್ಯೂ ಕೋಣೆಯಲ್ಲಿ ಕೂರುವ ಮುಂಚೆಯೇ ಬಲಗೈ ಎತ್ತಿಸುತ್ತಾರೆ. ಅಲ್ಲಿಂದ ಆಡುವ ಪ್ರತಿ ಮಾತೂ ಪ್ರಮಾಣದ ಮೇಲಿನದು. ಗ್ರೀನ್ ಕಾರ್ಡ್, ಪಾಸ್‌ಪೋರ್ಟ್ ಜೊತೆಗೆ ಡ್ರೈವಿಂಗ್ ಲೈಸೆನ್ಸನ್ನೂ ಕೇಳುತ್ತಾರೆ, ಅಂದರೆ ನೀವು ಗಾಡಿ ಓಡಿಸುವವರು ಎಂಬುದು ಮೇಜಿನ ಮೇಲೇ ಇರುತ್ತದೆ. ಸಿವಿಕ್ಸ್ (ಅಮೆರಿಕದ ಇತಿಹಾಸ, ಸರ್ಕಾರದ ಕುರಿತ) ಪ್ರಶ್ನೆ, ಇಂಗ್ಲಿಷ್ ಓದು, ಬರಹ ಮುಗಿದ ಮೇಲೆ ಫಾರಮ್ಮಿನ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಾರೆ. 15.ಬಿ ಬಂದಾಗ ಕೆಲವು ಅಧಿಕಾರಿಗಳು ತಾವಾಗಿಯೇ ‘ಟ್ರಾಫಿಕ್ ಟಿಕೆಟ್ ಸೇರಿ’ ಎನ್ನುತ್ತಾರೆ. ಮುಂಚೆ ಬರೆದಿದ್ದರೆ ಸಂಭಾಷಣೆ ಅರ್ಧ ನಿಮಿಷದ್ದು: ಕಟ್ಟಿದ್ದೀರಾ? ಕಟ್ಟಿದ್ದೇನೆ. ಬಾಕಿ ಏನಾದರೂ? ಇಲ್ಲ. ಮುಂದೆ.

ಅರ್ಜಿ ಹಾಕಿದ ಮೇಲೆ ನೆನಪಾದರೆ? ಅರ್ಜಿ ವಾಪಸ್ ತೆಗೆದುಕೊಂಡು ಇನ್ನೊಮ್ಮೆ 710 ಡಾಲರ್ ಕಟ್ಟಬೇಕಾಗಿಲ್ಲ. ಒಂದು ಹಾಳೆಯಲ್ಲಿ ವಿವರ ಬರೆದು, ಇಂಟರ್‌ವ್ಯೂನ ಆರಂಭದಲ್ಲೇ ‘ಇದೊಂದು ಉತ್ತರ ತಿದ್ದಬೇಕು’ ಎಂದು ಕೊಡಿ. ಅವರೇ ಕೇಳಿ ಹೊರತೆಗೆಯುವ ತನಕ ಕಾಯಬೇಡಿ, ಇಡೀ ವ್ಯತ್ಯಾಸ ಇರುವುದು ಅಲ್ಲೇ. ಅಧಿಕಾರಿ ಉತ್ತರ ತಿದ್ದುತ್ತಾರೆ, ಕೊನೆಗೆ ತಿದ್ದುಪಡಿಗಳ ಸಮೇತ ಅರ್ಜಿಗೆ ನೀವು ಇನ್ನೊಮ್ಮೆ ಸಹಿ ಹಾಕುತ್ತೀರಿ.

ಪಾಸಾಯಿತು ಎಂದು ಸಿಹಿ ಹಂಚಿದ ಮೇಲೂ ಒಂದು ಕಾಗದ ಉಳಿದಿರುತ್ತದೆ. ಪ್ರಮಾಣವಚನದ ಕರೆಯೋಲೆ, ಎನ್-445. ಅದರ ಪ್ರಶ್ನೆಗಳನ್ನು ಸಮಾರಂಭದ ದಿನವೇ ತುಂಬಿ ಸಹಿ ಹಾಕಬೇಕು. ಇಂಟರ್‌ವ್ಯೂ ಆದ ಮೇಲೆ ಮದುವೆ ಆಯಿತೇ, ದೇಶ ಬಿಟ್ಟು ಹೋಗಿದ್ದಿರಾ ಎಂಬವುಗಳ ನಡುವೆ, ಯಾವುದಾದರೂ ಕಾನೂನು ಮುರಿದದ್ದಕ್ಕೆ ಸೈಟೆಡ್ ಆಗಿದ್ದಿರಾ ಎಂದು ಮತ್ತೆ ಕೇಳುತ್ತದೆ. ಇಲ್ಲಿ ಮಾತ್ರ ಯಾರಿಗೂ ಅನುಮಾನ ಉಳಿಯದ ಹಾಗೆ ‘ಟ್ರಾಫಿಕ್ ಉಲ್ಲಂಘನೆ ಸೇರಿದಂತೆ’ ಎಂದು ಬರೆದೇ ಇದೆ. ರೇಷ್ಮೆ ಸೀರೆ ಉಟ್ಟು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಒಂಬತ್ತಕ್ಕೆ ಅಲ್ಲಿರಬೇಕೆಂಬ ಧಾವಂತದಲ್ಲಿ ಕಾಲು ತುಸು ಭಾರವಾಗಿ ಹಿಂದೆ ಕೆಂಪು ನೀಲಿ ದೀಪ ಹತ್ತಿಕೊಂಡರೆ, ಚೀಟಿಯನ್ನು ಗ್ಲೋವ್ ಬಾಕ್ಸಿಗೆ ತುರುಕಬೇಡಿ. ಕರೆಯೋಲೆಯ ಜೊತೆಗೇ ಇಟ್ಟುಕೊಳ್ಳಿ, ಕೌಂಟರಿನಲ್ಲಿ ಕೇಳುತ್ತಾರೆ.